ಪೌಂಡು: ತೂಕವೋ, ಹಣವೋ, ದೊಡ್ಡಿಯೋ?

ಪ್ರಶ್ನೆ: ಮನೆಯ ಹಳೆಯ ಕಾಗದಪತ್ರಗಳ ನಡುವೆ ಅಜ್ಜನ ಹೆಸರಿನ ರಶೀದಿಯೊಂದು ಸಿಕ್ಕಿದೆ. 'ಪೌಂಡಿನಿಂದ ಎರಡು ದನ ಬಿಡಿಸಿಕೊಂಡ ಬಾಬ್ತು' ಎಂದು ಅದರಲ್ಲಿದೆ. ತೂಕದ ಪೌಂಡಿಗೂ ದನಕ್ಕೂ ಏನು ಸಂಬಂಧ? (ಓದುಗರೊಬ್ಬರು, ಬದಿಯಡ್ಕ)

ಉತ್ತರ: ಸಂಬಂಧವೇನೂ ಇಲ್ಲ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಗಳಿಂದ ಬರೆಯುವ 'ಪೌಂಡ್' ವಾಸ್ತವದಲ್ಲಿ ಮೂರು ಬೇರೆ ಬೇರೆ ಶಬ್ದಗಳಾಗಿದ್ದು, ಒಳ್ಳೆಯ ನಿಘಂಟುಗಳು ಅವುಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಕೊಟ್ಟು ಪ್ರತ್ಯೇಕವಾಗಿಯೇ ಅರ್ಥ ಹೇಳುತ್ತವೆ. ತೂಕ ಮತ್ತು ಹಣದ ಪೌಂಡು ಲ್ಯಾಟಿನ್ನಿನಿಂದ ಬಂದದ್ದು. ದನ ಕೂಡುವ ಪೌಂಡು ಹಳೆಯ ಇಂಗ್ಲಿಷಿನಲ್ಲಿ ಆವರಣ, ದೊಡ್ಡಿ ಎಂಬ ಅರ್ಥದಲ್ಲಿದ್ದ 'ಪುಂಡ್' ಶಬ್ದದಿಂದ ಬಂದದ್ದು. ಕುಟ್ಟು, ಜಜ್ಜು ಎಂಬ ಅರ್ಥದ ಮೂರನೆಯದು 'ಪೂನಿಯನ್' ಎಂಬ ಹಳೆಯ ಕ್ರಿಯಾಪದದಿಂದ ಬಂದಿದೆ. ಅದರ ಕೊನೆಯ ಡಕಾರ ಮೂಲದಲ್ಲಿ ಇರಲೇ ಇಲ್ಲ, ಬಾಯಿಂದ ಬಾಯಿಗೆ ಹೋಗುವಾಗ ಮುಂದೆ ಸೇರಿಕೊಂಡಿತು.

ನಿಮ್ಮ ಅಜ್ಜನ ರಶೀದಿಯ ಹಿಂದಿರುವುದು 1871ರ ಜಾನುವಾರು ಅತಿಕ್ರಮಣ ಕಾಯಿದೆ. ಕಾಸರಗೋಡು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿಯೂ ಇಲ್ಲಿ ನಡೆಯುತ್ತಿದ್ದುದು ಅದೇ ಕಾಯಿದೆ. ಬೇಲಿ ಹಾರಿ ಪೈರು ಮೇಯ್ದ ದನವನ್ನು ಹಿಡಿದು ಪೌಂಡಿಗೆ ಹಾಕುವುದು, ಮಾಲಕರು ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ಬಿಡಿಸಿಕೊಳ್ಳುವುದು, ಏಳು ದಿನಗಳೊಳಗೆ ಯಾರೂ ಬಾರದಿದ್ದರೆ ಪೌಂಡಿನ ಮೇಲ್ವಿಚಾರಕರು ಠಾಣೆಗೆ ತಿಳಿಸಿ, ನೋಟೀಸು ಅಂಟಿಸಿದ ಮೇಲೂ ವಾರಸುದಾರರು ಕಾಣದಿದ್ದರೆ ದನವನ್ನು ಹರಾಜಿಗೆ ಇಡುವುದು ಅದರ ಕ್ರಮ. ಉತ್ತರ ಕರ್ನಾಟಕದವರು ಇದೇ ಜಾಗವನ್ನು ಕೊಂಡವಾಡ ಎನ್ನುತ್ತಾರೆ.

ಕೊಳ ಎಂಬ ಅರ್ಥದ ಇಂಗ್ಲಿಷಿನ 'ಪಾಂಡ್' ಕೂಡ ಈ ದೊಡ್ಡಿಯ ಪೌಂಡಿನದೇ ಇನ್ನೊಂದು ರೂಪ. ತಡೆದು ನಿಲ್ಲಿಸಿದ್ದು ದನವಾದರೆ ಪೌಂಡ್, ನೀರಾದರೆ ಪಾಂಡ್. ಅಡಿಕೆ ತೋಟಕ್ಕಾಗಿ ಮಳೆಗಾಲ ಕಳೆದ ಮೇಲೆ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕುವ ನಮ್ಮವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಸ್‌ಪೋರ್ಟನ್ನೋ, ಮುದ್ರಾಂಕ ಶುಲ್ಕ ಕಡಿಮೆ ಬಿದ್ದ ದಸ್ತಾವೇಜನ್ನೋ ಅಧಿಕಾರಿಗಳು 'ಇಂಪೌಂಡ್' ಮಾಡಿದರು ಎಂಬ ಮಾತಿನಲ್ಲಿರುವುದೂ ಇದೇ ದೊಡ್ಡಿ. ದನದ ಬದಲು ಕಾಗದ ಒಳಗೆ ಹೋಗಿದೆ, ಅಷ್ಟೆ.

ಪ್ರಶ್ನೆ: ಚಿನ್ನದ 'ಪವನ್' ಎಂಬುದು ಪೌಂಡಿನಿಂದ ಬಂದದ್ದೆಂದು ಕೆಲವರು, 'ಪೊನ್' ಎಂಬುದರಿಂದ ಬಂದದ್ದೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ? (ಓದುಗರೊಬ್ಬರು, ಕುಂಬಳೆ)

ಉತ್ತರ: ಪೌಂಡಿನಿಂದ ಬಂದದ್ದೆಂಬುದೇ ಸರಿ. ಮಲಯಾಳ ಮತ್ತು ತಮಿಳಿನ ಪೊನ್, ಕನ್ನಡದ ಹೊನ್ನು ಕಿವಿಗೆ ಹತ್ತಿರ ಕೇಳುವುದರಿಂದ ಎರಡನೆಯ ಊಹೆ ಸಹಜವೇ. ಆದರೆ ಪವನ್ ಎಂಬುದು ಚಿನ್ನದ ಹೆಸರಲ್ಲ, ಚಿನ್ನದ ಒಂದು ನಿಶ್ಚಿತ ತೂಕದ ಹೆಸರು ಎಂಬುದನ್ನು ಗಮನಿಸಬೇಕು. ಆ ತೂಕ ಎಲ್ಲಿಂದ ಬಂತೆಂದು ನೋಡಿದರೆ ಉತ್ತರ ಸಿಗುತ್ತದೆ.

ಲ್ಯಾಟಿನ್ನಿನಲ್ಲಿ 'ಲಿಬ್ರಾ ಪೊಂಡೊ' ಎಂದರೆ ತೂಕದಲ್ಲಿ ಒಂದು ಲಿಬ್ರಾ. ಇಂಗ್ಲಿಷರು ಎರಡನೆಯ ಶಬ್ದವನ್ನು ಉಚ್ಚಾರಕ್ಕೆ ಇಟ್ಟುಕೊಂಡರು, ಮೊದಲನೆಯದನ್ನು ಬರವಣಿಗೆಗೆ ಉಳಿಸಿಕೊಂಡರು. ಪೌಂಡ್ ನಾಣ್ಯದ ಚಿಹ್ನೆಯಾದ ಅಡ್ಡಗೆರೆಯ ಎಲ್ ಅಕ್ಷರವೂ, ತೂಕಕ್ಕೆ ಬರೆಯುವ ಎಲ್‌ಬಿ ಎಂಬ ಸಂಕ್ಷೇಪವೂ ಲಿಬ್ರಾದವೇ. ಒಂದು ಪೌಂಡು ತೂಕದ ಬೆಳ್ಳಿಯಿಂದ 240 ಪೆನ್ನಿಗಳನ್ನು ಅಚ್ಚು ಹಾಕುತ್ತಿದ್ದುದರಿಂದ ತೂಕದ ಹೆಸರೇ ಹಣಕ್ಕೂ ಅಂಟಿಕೊಂಡಿತು, ಆದರೆ ಬಹುಕಾಲ ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದ ಹಣ. ಒಂದು ಪೌಂಡು ಬೆಲೆಯ ಚಿನ್ನದ ನಾಣ್ಯ ಮೊದಲು ಬಂದದ್ದು 1489ರಲ್ಲಿ, ಏಳನೆಯ ಹೆನ್ರಿಯ ಕಾಲದಲ್ಲಿ. ಅದರ ಹೆಸರು ಸಾವರಿನ್. ಆ ಹೆಸರಿನ ಆಧುನಿಕ ನಾಣ್ಯ 1817ರಲ್ಲಿ ಹೊರಬಂತು: ಒಂದು ಮಗ್ಗುಲಲ್ಲಿ ದೊರೆಯ ಮುಖ, ಇನ್ನೊಂದರಲ್ಲಿ ಕುದುರೆಯ ಮೇಲೆ ಕುಳಿತು ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜ್. 22 ಕ್ಯಾರೆಟ್ಟಿನ ಆ ನಾಣ್ಯದ ತೂಕ 7.98 ಗ್ರಾಂ. 1899ರ ಕಾನೂನಿನಂತೆ ಅದು 15 ರೂಪಾಯಿಯ ದರದಲ್ಲಿ ನಮ್ಮ ದೇಶದಲ್ಲಿಯೂ ಚಲಾವಣೆಗೆ ಬಂತು, 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿಯೇ ಅಚ್ಚಾಯಿತು. ಈ ನಾಣ್ಯವನ್ನು ತಮಿಳರು ಪವುನ್ ಎಂದರು, ಮಲಯಾಳಿಗಳು ಪವನ್ ಎಂದರು. ನಾಣ್ಯ ಪೇಟೆಯಿಂದ ಮರೆಯಾಗಿ ತೂಕ ಮಾತ್ರ ಉಳಿದು, 7.98 ಎಂಬುದು 8 ಗ್ರಾಂ ಎಂದು ದುಂಡಗಾಯಿತು. ಇಂದಿಗೂ ಕೇರಳದ ಪತ್ರಿಕೆಗಳು ಚಿನ್ನದ ದರ ಕೊಡುವುದು ಪವನಿನ ಲೆಕ್ಕದಲ್ಲಿ. ಹೀಗೆ ತೂಕದಿಂದ ಹಣವಾಗಿದ್ದ ಶಬ್ದ ನಮ್ಮ ಚಿನ್ನದಂಗಡಿಗಳಲ್ಲಿ ಮರಳಿ ತೂಕವಾಗಿದೆ. ಆದರೆ ತೂಕದ ಪೌಂಡು 453.6 ಗ್ರಾಂ, ಮದುವೆಯ ಮಾತುಕತೆಯಲ್ಲಿ ಯಾರೂ ಇವೆರಡನ್ನು ಗೊಂದಲ ಮಾಡಿಕೊಳ್ಳಲಾರರು!

ಹಿರಿಯರು ಸಕ್ಕರೆ, ಕಾಫಿಪುಡಿಗೆ ಹೇಳುತ್ತಿದ್ದ ರಾತಲು ಕೂಡ ಹೆಚ್ಚುಕಡಿಮೆ ಒಂದು ಪೌಂಡೇ. ಆ ಶಬ್ದ ಅರಬಿಯ 'ರತ್ಲ್'ನಿಂದ ಬಂದದ್ದು. ಅರಬರಿಗೆ ಅದು ಗ್ರೀಕರ 'ಲಿತ್ರಾ'ದಿಂದ ಸಿಕ್ಕಿತು. ಲಿತ್ರಾ ಮತ್ತು ಲಿಬ್ರಾ ಒಂದೇ ಮೂಲದವು.

ಪ್ರಶ್ನೆ: ಹಾಗಾದರೆ ಮನೆಯ ಸುತ್ತಲಿನ ಕಂಪೌಂಡು ದನದ ಪೌಂಡಿನ ಬಂಧುವೇ? (ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಆವರಣ ಎಂಬ ಅರ್ಥ ಎರಡಕ್ಕೂ ಇರುವುದರಿಂದ ಹಾಗೆ ತೋರುತ್ತದೆ, ಆದರೆ ಅಲ್ಲ. ಇದು ಮಲಯ ಭಾಷೆಯಲ್ಲಿ ಹಳ್ಳಿ, ಕೇರಿ ಎಂಬ ಅರ್ಥವುಳ್ಳ 'ಕಂಪೊಂಗ್' ಎಂಬ ಶಬ್ದ. ಪೂರ್ವದೇಶಗಳಲ್ಲಿ ವ್ಯಾಪಾರ ಮಾಡುತ್ತಿದ್ದ ಯುರೋಪಿಯನ್ನರ ಬಾಯಲ್ಲಿ ಅದು ಬಂಗಲೆಯ ಸುತ್ತಲಿನ ಹಿತ್ತಲಾಯಿತು, ಇಂಗ್ಲಿಷಿನಲ್ಲಿ ಅದಾಗಲೇ ಇದ್ದ 'ಕಂಪೌಂಡ್' ಎಂಬ ಶಬ್ದದ ಅಚ್ಚಿಗೆ ಬಿತ್ತು. ಆ ಹಳೆಯ ಕಂಪೌಂಡ್ ಜೊತೆಗೂಡಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದ್ದು. ರಸಾಯನಶಾಸ್ತ್ರದ ಸಂಯುಕ್ತವೂ, ಹಿಂದೆ ಡಾಕ್ಟರರ ಶಾಪಿನಲ್ಲಿ ಬಾಟಲಿಯ ಮದ್ದು ಬೆರೆಸಿ ಕೊಡುತ್ತಿದ್ದ ಕಂಪೌಂಡರರೂ ಅದರ ಕಡೆಯವರು. ಅವರಿಗೂ ಗೇಟಿನ ಬಳಿಯ ಗೋಡೆಗೂ ಹೆಸರಿನ ಹೋಲಿಕೆಯ ಹೊರತು ಬೇರೆ ನಂಟಿಲ್ಲ.