ಡ್ರಮ್ ಬ್ರೇಕಿನ ಹಳೆಯ ಫೋರ್ ವೀಲ್ ಡ್ರೈವ್ ಟ್ರಕ್ಕಿಗೆ ಡಿಸ್ಕ್ ಬ್ರೇಕಿನ ಮುಂದಿನ ಆಕ್ಸಲ್ ಹಾಕಬಹುದೇ?

ಖಂಡಿತ ಹಾಕಬಹುದು, ಹಳೆಯ ಟ್ರಕ್ಕನ್ನು ನಿಲ್ಲಿಸಿಡದೆ ಓಡಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಬದಲಾವಣೆ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಷೆವ್ರೊಲೆಯ ಲಘು ಟ್ರಕ್ಕುಗಳಿಗೆ 1971ರ ಮಾದರಿಯಿಂದ ಮುಂದಿನ ಡಿಸ್ಕ್ ಬ್ರೇಕ್ ಬಂದಿದ್ದರಿಂದ, ಅದಕ್ಕೂ ಹಿಂದಿನ ಕೆ10 (ಷೆವ್ರೊಲೆಯ ಫೋರ್ ವೀಲ್ ಡ್ರೈವ್ ಲಘು ಟ್ರಕ್ಕು) ಟ್ರಕ್ಕಿಗೆ ಅದೇ ವಂಶದ ನಂತರದ ಆಕ್ಸಲ್ ಹುಡುಕುವುದು ಒಳ್ಳೆಯದು. ಕೊಳ್ಳುವ ಮೊದಲು, ಡಿಫರೆನ್ಷಿಯಲ್ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಗುಂಪು) ಇರುವ ಬದಿಯು ನಿಮ್ಮ ಟ್ರಾನ್ಸ್‌ಫರ್ ಕೇಸಿನಿಂದ (ಮುಂದಿನ-ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮುಂದಿನ ಶಾಫ್ಟ್ ಹೊರಬರುವ ಬದಿಗೆ ಹೊಂದುತ್ತದೆಯೇ, ಎಲೆ ಸ್ಪ್ರಿಂಗ್ ಕೂರುವ ಜಾಗಗಳ ನಡುವಿನ ಅಂತರ ಸರಿಯಿದೆಯೇ ಎಂದು ಅಳತೆ ಹಿಡಿದೇ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಗೇರ್ ಅನುಪಾತ, ಅಂದರೆ ಚಕ್ರಗಳು ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ; ಅದು ಮುಂದಿನ, ಹಿಂದಿನ ಆಕ್ಸಲ್ ಎರಡರಲ್ಲೂ ಒಂದೇ ಇರಬೇಕು. ಲಾಕರ್ (ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಸಾಧನ) ಇಲ್ಲದ ಆಕ್ಸಲಿನಲ್ಲಿ ಒಂದು ಚಕ್ರವನ್ನು ಬಿಗಿಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿದಾಗ ಪಿನಿಯನ್ (ಶಾಫ್ಟ್ ಬಂದು ಸೇರುವ ಸಣ್ಣ ಗೇರ್) ನಾಲ್ಕು ಸುತ್ತು ದಾಟಿ ತುಸು ಮುಂದೆ ನಿಂತರೆ ಅನುಪಾತ 4.10ರ ಆಸುಪಾಸಿನದು. ಹಿಂದಿನ ಆಕ್ಸಲಿನದು 3.73 ಇದ್ದು ಮುಂದಿನದು 4.10 ಆದರೆ, ಗಟ್ಟಿ ರಸ್ತೆಯಲ್ಲಷ್ಟೇ ಅಲ್ಲ, ಮಣ್ಣಿನಲ್ಲೂ ಎರಡು ಆಕ್ಸಲ್‌ಗಳು ಪರಸ್ಪರ ಎಳೆದಾಡಿ ಟ್ರಾನ್ಸ್‌ಫರ್ ಕೇಸನ್ನು ಹಾಳುಮಾಡುತ್ತವೆ.

ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರನ್ನು ಹಾಗೆಯೇ ಉಳಿಸಬೇಡಿ: ಡ್ರಮ್ಮಿಗಾಗಿ ಅದರಲ್ಲಿ ಒತ್ತಡ ಹಿಡಿದಿಡುವ ವಾಲ್ವ್ ಇದ್ದರೆ ಪ್ಯಾಡ್‌ಗಳು ಡಿಸ್ಕಿಗೆ ಉಜ್ಜುತ್ತಲೇ ಇರುತ್ತವೆ, ಅಲ್ಲದೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಹೆಚ್ಚು ಬ್ರೇಕ್ ದ್ರವವೂ ಬೇಕು. ಜೋಡಿಸಿದ ಬಳಿಕ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸು ಎಲ್ಲಿಯೂ ಬಿಗಿಯಾಗುವುದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ.