ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಹಳೇ ಟಿವಿ ಸಂದರ್ಶನಗಳನ್ನು ಅಭಿಮಾನಿಗಳು ಇವತ್ತಿಗೂ ಅಷ್ಟೊಂದು ಮೆಚ್ಚುವುದು ಯಾಕೆ?

ಹೆಚ್ಚಿನವರು ಮೆಚ್ಚಿಕೊಳ್ಳುವುದು 1986ರ ಸಿಎನ್‌ಎನ್ ‘ಕ್ರಾಸ್‌ಫೈರ್’ ಚರ್ಚೆಯನ್ನು. ಅಮೆರಿಕದಲ್ಲಿ ಆಗ ರಾಕ್ ಹಾಡುಗಳ ಸಾಹಿತ್ಯಕ್ಕೆ ಕಡಿವಾಣ ಹಾಕಬೇಕು ಅನ್ನುವ ಗಲಾಟೆ ನಡೆದಿತ್ತು. ಹಿಂದಿನ ವರ್ಷವಷ್ಟೇ ಜಪ್ಪಾ ಸೆನೆಟ್ ಸಮಿತಿ ಮುಂದೆ ಹೋಗಿ ಅದನ್ನು ವಿರೋಧಿಸಿ ಬಂದಿದ್ದರು. ರಾಕ್‌ನವರು ಅಂದ್ರೆ ಹರಿದ ಜೀನ್ಸ್ ಅಂದುಕೊಂಡವರ ಎದುರು ಕೋಟು, ಟೈ ಹಾಕಿಕೊಂಡು ಕೂತರು. ಪತ್ರಕರ್ತ ಜಾನ್ ಲಾಫ್ಟನ್ ಮೈಮೇಲೆ ಬಿದ್ದಂತೆ ಮಾತಾಡಿದರೂ ಇವರದ್ದು ಒಂದೇ ಪಟ್ಟು: ಇವು ಬರೀ ಪದಗಳು. ಅಮೆರಿಕಕ್ಕೆ ದೊಡ್ಡ ಅಪಾಯ ಕಮ್ಯುನಿಸಂ ಅಲ್ಲ, ಧರ್ಮದ ಹೆಸರಿನ ಸರ್ವಾಧಿಕಾರದ ಕಡೆ ದೇಶ ವಾಲುತ್ತಿರುವುದು ಅಂತ ನೇರವಾಗಿಯೇ ಹೇಳಿದರು. ತಾಳ್ಮೆ ಕೊನೇವರೆಗೂ ಉಳಿಯಿತು ಅಂತಲ್ಲ, ಒಮ್ಮೆ ಚೆನ್ನಾಗಿಯೇ ಬೈದರು! ಆದರೆ ವಾದದ ಎಳೆ ಬಿಡಲಿಲ್ಲ.

ನನಗೆ ಮಾತ್ರ 1993ರ ಎನ್‌ಬಿಸಿ ಸಂದರ್ಶನವೇ ಜಾಸ್ತಿ ಇಷ್ಟ. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸೊರಗಿದ್ದರು, ದನಿ ಮೆತ್ತಗಾಗಿತ್ತು. ಜನ ನಿಮ್ಮನ್ನು ಹೇಗೆ ನೆನಪಿಟ್ಟುಕೊಳ್ಳಬೇಕು ಅಂತ ಕೇಳಿದ್ದಕ್ಕೆ, ನೆನಪಿಟ್ಟುಕೊಳ್ಳುವುದೇ ಮುಖ್ಯವಲ್ಲ ಅಂದುಬಿಟ್ಟರು. ಆ ಚಿಂತೆಯೆಲ್ಲ ಅಧ್ಯಕ್ಷರಾಗಿದ್ದ ರೇಗನ್, ಬುಷ್‌ರಂಥವರಿಗೆ ಅಂತೆ. ಸಾಯುವ ಹೊತ್ತಲ್ಲೂ ಕುಟುಕು ಬಿಡಲಿಲ್ಲ ನೋಡಿ. ಅದೇ ವರ್ಷ ಡಿಸೆಂಬರ್ 4ರಂದು ತೀರಿಕೊಂಡರು. ಆಗ ಅವರಿಗೆ 52 ವರ್ಷ.