ಹೊಸ ಬ್ಲಾಗು ಗೂಗಲ್‌ಗೆ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ಒಂದೂವರೆ ತಿಂಗಳಿಂದ ಬ್ಲಾಗರ್‌ನಲ್ಲಿ ಮಲೆನಾಡಿನ ಅಡುಗೆಯ ಬಗ್ಗೆ ಬರೆಯುತ್ತಿದ್ದೇನೆ. ತಂಬುಳಿ, ಅಪ್ಪೆಹುಳಿ, ಪತ್ರೊಡೆ ಎಲ್ಲ ಸೇರಿ 14 ಬರಹಗಳಾಗಿವೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೆ ನೆಂಟರಿಷ್ಟರು ಓದುತ್ತಾರೆ. ಗೂಗಲ್‌ನಲ್ಲಿ ಮಾತ್ರ ಬ್ಲಾಗಿನ ಹೆಸರನ್ನೇ ಹೊಡೆದರೂ ಬರುವುದಿಲ್ಲ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಬ್ಲಾಗು ಗೂಗಲ್‌ನಲ್ಲಿ ಇಲ್ಲವೇ ಇಲ್ಲವೋ, ಇದ್ದೂ ಹತ್ತನೇ ಪುಟದಾಚೆ ಬಿದ್ದಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಎಂದು ಬರೆದು ಕೋಲನ್ ಹಾಕಿ, ನಡುವೆ ಜಾಗ ಬಿಡದೆ ಬ್ಲಾಗಿನ ವಿಳಾಸ ಸೇರಿಸಿ ಹುಡುಕಿ. ಒಂದಾದರೂ ಪುಟ ಬಂತೆಂದರೆ ಗೂಗಲ್‌ಗೆ ನಿಮ್ಮ ಪರಿಚಯವಿದೆ. ಏನೂ ಬರದಿದ್ದರೆ ಬಹುಶಃ ಇಲ್ಲ. ‘ಬಹುಶಃ’ ಎಂದದ್ದು ಯಾಕೆಂದರೆ ಈ ಹುಡುಕಾಟ ಇರುವ ಪುಟಗಳನ್ನೆಲ್ಲ ತೋರಿಸಿಯೇ ತೀರುತ್ತದೆ ಎಂದೇನಿಲ್ಲ. ನಿಖರವಾದ ಉತ್ತರ ಸಿಗುವುದು ಸೈಟ್ ಮಾಲೀಕರಿಗೆಂದೇ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ, ಅದಕ್ಕೆ ಮುಂದೆ ಬರೋಣ.

ಒಂದು ಪುಟ ಹುಡುಕಾಟದಲ್ಲಿ ಸಿಗಬೇಕಾದರೆ ಮೂರು ಕೆಲಸ ಆಗಬೇಕು. ಆ ವಿಳಾಸ ಇದೆ ಎಂಬುದು ಗೂಗಲ್‌ಗೆ ತಿಳಿಯಬೇಕು, ಅದರ ಬಾಟ್, ಅಂದರೆ ಪುಟಗಳನ್ನು ಓದುತ್ತ ತಿರುಗುವ ತಂತ್ರಾಂಶ, ಬಂದು ಪುಟವನ್ನು ಓದಬೇಕು, ಓದಿದ್ದನ್ನು ಇಂಡೆಕ್ಸ್‌ಗೆ, ಅಂದರೆ ಹುಡುಕಾಟದ ಪಟ್ಟಿಗೆ, ಸೇರಿಸಬೇಕು. ನೀವು ಮೊದಲನೆಯ ಹಂತದಲ್ಲೇ ನಿಂತಿರುವ ಹಾಗೆ ಕಾಣುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳನ್ನಾಗಲಿ, ಫೇಸ್‌ಬುಕ್‌ನ ಖಾಸಗಿ ಗುಂಪುಗಳನ್ನಾಗಲಿ ಗೂಗಲ್‌ನ ಬಾಟ್ ಓದಲಾರದು. ಅಲ್ಲಿ ಸಾವಿರ ಸಲ ಲಿಂಕ್ ಹಂಚಿದರೂ ಗೂಗಲ್ ಪಾಲಿಗೆ ಆ ವಿಳಾಸ ಹುಟ್ಟಿಯೇ ಇಲ್ಲ.

ಗೂಗಲ್‌ಗೆ ಹೇಳುವ ಮೊದಲು ನಿಮ್ಮ ಬಾಗಿಲನ್ನು ನೀವೇ ಹಾಕಿಕೊಂಡಿಲ್ಲವಷ್ಟೆ ಎಂದು ನೋಡಿ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ’ ಎಂಬಲ್ಲಿ ‘ವಿಸಿಬಲ್ ಟು ಸರ್ಚ್ ಎಂಜಿನ್ಸ್’ ಎಂಬ ಗುಂಡಿ ಇದೆ, ಅದು ಆನ್ ಆಗಿರಬೇಕು. ಕೆಳಗೆ ‘ಕ್ರಾಲರ್ಸ್ ಆ್ಯಂಡ್ ಇಂಡೆಕ್ಸಿಂಗ್’ ಎಂಬ ಭಾಗ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಯಾವುದೋ ವಿಡಿಯೋ ನೋಡಿ ‘ಕಸ್ಟಮ್ ರೋಬೋಟ್ಸ್ ಹೆಡರ್ ಟ್ಯಾಗ್ಸ್’ ಆನ್ ಮಾಡಿ, ಬರಹಗಳಿಗೇ ‘ನೋಇಂಡೆಕ್ಸ್’ ಹಚ್ಚಿಬಿಟ್ಟಿರುತ್ತಾರೆ. ‘ನನ್ನನ್ನು ಸೇರಿಸಬೇಡಿ’ ಎಂದು ಬಾಗಿಲಿಗೆ ಬೋರ್ಡು ಬರೆದು ಅತಿಥಿಗೆ ಕಾದಂತೆ ಇದು. ಹೊಸ ಬ್ಲಾಗಿಗೆ ಈ ಭಾಗದ ಕಸ್ಟಮ್ ಸೆಟ್ಟಿಂಗ್ ಯಾವುದೂ ಬೇಡ, ಎಲ್ಲವನ್ನೂ ಆಫ್ ಮಾಡಿ. ಬಾಟ್ ಎಲ್ಲಿಗೆ ಹೋಗಬಾರದೆಂದು ಹೇಳುವ, ಬ್ಲಾಗರ್ ತಾನೇ ಕೊಡುವ ರೋಬೋಟ್ಸ್ ಫೈಲ್ ಲೇಬಲ್ ಮತ್ತು ಹುಡುಕಾಟದ ಪುಟಗಳನ್ನಷ್ಟೇ ತಡೆಯುತ್ತದೆ, ಬರಹಗಳನ್ನಲ್ಲ. ಮುಂದೆ ಸರ್ಚ್ ಕನ್ಸೋಲ್‌ನಲ್ಲಿ ‘ಬ್ಲಾಕ್ಡ್ ಬೈ ರೋಬೋಟ್ಸ್’ ಎಂಬ ಪಟ್ಟಿಯಲ್ಲಿ ಲೇಬಲ್ ಪುಟಗಳು ಕಂಡರೆ ಗಾಬರಿಯಾಗಬೇಡಿ, ಅವು ಅಲ್ಲೇ ಇರಬೇಕಾದವು.

ಈಗ ಬ್ಲಾಗಿಗೆ ಬಳಸಿದ ಜಿಮೇಲ್‌ನಿಂದಲೇ ಗೂಗಲ್ ಸರ್ಚ್ ಕನ್ಸೋಲ್ ತೆರೆಯಿರಿ. ಅದು ಎರಡು ಬಗೆಯ ಆಯ್ಕೆ ಕೊಡುತ್ತದೆ: ‘ಡೊಮೇನ್’ ಮತ್ತು ‘ಯುಆರ್‌ಎಲ್ ಪ್ರಿಫಿಕ್ಸ್’. ಬ್ಲಾಗರ್ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದವರು ಎರಡನೆಯದನ್ನೇ ಆರಿಸಬೇಕು, ಯಾಕೆಂದರೆ ಮೂಲ ಡೊಮೇನ್ ನಿಮ್ಮದಲ್ಲ. ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ತಿ ವಿಳಾಸ ಕೊಡಿ. ಖಾತೆ ಒಂದೇ ಆಗಿದ್ದರೆ ಮಾಲೀಕತ್ವದ ಪರಿಶೀಲನೆ ಸಾಮಾನ್ಯವಾಗಿ ತಾನಾಗಿಯೇ ಮುಗಿಯುತ್ತದೆ.

ಎಡಗಡೆಯ ಪಟ್ಟಿಯಲ್ಲಿ ‘ಸೈಟ್‌ಮ್ಯಾಪ್ಸ್’ ಒತ್ತಿ, ಖಾಲಿ ಜಾಗದಲ್ಲಿ ‘ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್’ ಎಂದು ಇಂಗ್ಲಿಷಿನಲ್ಲಿ ಬರೆದು ಸಲ್ಲಿಸಿ. ಬರಹಗಳ ವಿಳಾಸಗಳ ಪಟ್ಟಿಯಾದ ಈ ಕಡತವನ್ನು ಬ್ಲಾಗರ್ ತಾನೇ ಮಾಡಿಟ್ಟಿರುತ್ತದೆ. ‘ನಮ್ಮ ಬಗ್ಗೆ’ಯಂಥ ಸ್ಥಿರ ಪುಟಗಳಿಗೆ ‘ಸೈಟ್‌ಮ್ಯಾಪ್-ಪೇಜಸ್ ಡಾಟ್ ಎಕ್ಸ್‌ಎಂಎಲ್’ ಎಂಬ ಇನ್ನೊಂದಿದೆ. ‘ಆ್ಯಟಮ್’ ಎಂದು ಶುರುವಾಗಿ 500ಕ್ಕೆ ಮುಗಿಯುವ ಉದ್ದನೆಯ ಫೀಡ್ ವಿಳಾಸ ಹಾಕಿ ಎನ್ನುವ ಸಲಹೆ ಈಗಲೂ ಓಡಾಡುತ್ತಿದೆ. ಅದರ ಅಗತ್ಯ ಎಂದೋ ಮುಗಿಯಿತು. ಸಲ್ಲಿಸಿದ ತಕ್ಷಣ ‘ಕುಡ್ ನಾಟ್ ಫೆಚ್’ ಎಂದು ಕೆಂಪಗೆ ಬಂದರೆ ಆ ಕಡತವನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ಅಲ್ಲಿ ತೆರೆದುಕೊಂಡರೆ ಕೆಲವು ದಿನ ಸುಮ್ಮನಿರಿ, ಹೊಸ ಸೈಟುಗಳಲ್ಲಿ ಅದು ತಾನೇ ಸರಿಹೋಗುವುದುಂಟು.

ಕೊನೆಗೆ, ಮೇಲ್ಗಡೆಯ ಹುಡುಕುವ ಜಾಗದಲ್ಲಿ ಒಂದು ಬರಹದ ವಿಳಾಸ ಹಾಕಿ ಎಂಟರ್ ಒತ್ತಿ. ‘ಯುಆರ್‌ಎಲ್ ಈಸ್ ಆನ್ ಗೂಗಲ್’ ಎಂದು ಬಂದರೆ ಪುಟ ಆಗಲೇ ಸೇರಿದೆ. ಇಲ್ಲವಾದರೆ ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿ, ಬಾಟ್‌ಗೆ ಪುಟ ತೆರೆಯುತ್ತದೆಯೇ ನೋಡಿ, ಆಮೇಲೆ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ. ಆದ್ದರಿಂದ ಮುಖಪುಟ ಮತ್ತು ನಿಮ್ಮ ಅತ್ಯುತ್ತಮ ನಾಲ್ಕೈದು ಬರಹಗಳಿಗೆ ಕೇಳಿದರೆ ಸಾಕು. ಒಂದೇ ಪುಟಕ್ಕೆ ಹತ್ತು ಸಲ ಒತ್ತಿದರೆ ಸರದಿಯಲ್ಲಿ ಮುಂದೆ ಹೋಗುವುದಿಲ್ಲ. ಕೆಲವು ದಿನದಿಂದ ಕೆಲವು ವಾರದವರೆಗೆ ಕಾಯಬೇಕಾದೀತು.

ಇನ್ನೊಂದು ಮಾತು. ಕನ್ನಡದಲ್ಲೇ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಕನ್ನಡ ಅಕ್ಷರಗಳನ್ನು ಬಿಟ್ಟು ‘ಬ್ಲಾಗ್-ಪೋಸ್ಟ್’, ‘ಬ್ಲಾಗ್-ಪೋಸ್ಟ್_12’ ಎಂಬಂಥ ಅನಾಥ ವಿಳಾಸ ಕೊಡುತ್ತದೆ. ಇದರಿಂದ ಇಂಡೆಕ್ಸ್ ಆಗುವುದು ತಪ್ಪುವುದಿಲ್ಲ, ಆದರೆ ಓದುವವರಿಗೆ ಏನೂ ಹೇಳುವುದಿಲ್ಲ. ಪ್ರಕಟಿಸುವ ಮೊದಲೇ ಬಲಗಡೆ ‘ಪರ್ಮಾಲಿಂಕ್’ ತೆರೆದು ‘ಕಸ್ಟಮ್’ ಆರಿಸಿ, ಅಪ್ಪೆಹುಳಿ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಪ್ರಕಟವಾದ 14ರ ವಿಳಾಸವನ್ನು ಈಗ ಬದಲಿಸಲು ಹೋಗಬೇಡಿ. ಹಾಗೆ ಮಾಡಲು ಬರಹವನ್ನು ಡ್ರಾಫ್ಟ್‌ಗೆ ಇಳಿಸಬೇಕಾಗುತ್ತದೆ, ಹಂಚಿದ ಹಳೆಯ ಲಿಂಕುಗಳೆಲ್ಲ ಮುರಿಯುತ್ತವೆ.

ಪ್ರಶ್ನೆ: ಸ್ವಂತ ಡೊಮೇನ್ ಕೊಂಡು ವರ್ಡ್‌ಪ್ರೆಸ್‌ನಲ್ಲಿ ಕೃಷಿ ಬ್ಲಾಗ್ ಮಾಡಿದ್ದೇನೆ. ಬರೆದಿಟ್ಟಿದ್ದ 60 ಲೇಖನಗಳನ್ನು ಒಂದೇ ವಾರದಲ್ಲಿ ಏರಿಸಿದೆ. ಸರ್ಚ್ ಕನ್ಸೋಲ್‌ನಲ್ಲಿ 41 ಪುಟಗಳಿಗೆ ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದೂ 9ಕ್ಕೆ ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಎಂದೂ ಇದೆ. ಲಿಂಕ್ ಕಾಪಿ ಮಾಡಿದರೆ ಶೇಕಡಾ ಚಿಹ್ನೆಗಳ ಮಾಲೆಯೇ ಬರುತ್ತದೆ. ಅದೇ ಕಾರಣವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಶೇಕಡಾ ಚಿಹ್ನೆ ಕಾರಣವಲ್ಲ. ಕನ್ನಡ ವಿಳಾಸವನ್ನು ಕಂಪ್ಯೂಟರು ಸಾಗಿಸುವ ರೀತಿ ಅದು, ಗೂಗಲ್ ಅದನ್ನು ಚೆನ್ನಾಗಿಯೇ ಓದುತ್ತದೆ. ತೊಂದರೆ ಬೇರೆ ಇದೆ. ಹೀಗೆ ಸಾಗುವಾಗ ಕನ್ನಡದ ಒಂದೊಂದು ಸಂಕೇತವೂ, ಅಂದರೆ ಅಕ್ಷರ, ಗುಣಿತದ ಚಿಹ್ನೆ, ಹಲಂತದ ಚಿಹ್ನೆ (್) ಪ್ರತಿಯೊಂದೂ 9 ಸ್ಥಾನ ತಿನ್ನುತ್ತದೆ. ವಿಳಾಸದಲ್ಲಿ ಶೀರ್ಷಿಕೆಯಿಂದ ಹುಟ್ಟುವ ತುಂಡಿಗೆ, ಅಂದರೆ ಸ್ಲಗ್‌ಗೆ, ವರ್ಡ್‌ಪ್ರೆಸ್ ಮೀಸಲಿಡುವುದು 200 ಸ್ಥಾನ. ಹಾಗಾಗಿ 22 ಸಂಕೇತಕ್ಕೆ ಜಾಗ ಮುಗಿಯಿತು. ‘ಅಡಿಕೆ ತೋಟದಲ್ಲಿ ಬಸಿಗಾಲುವೆ ನಿರ್ವಹಣೆ’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ‘ಬಸಿಗಾಲುವೆ’ಗೇ ನಿಂತು ‘ನಿರ್ವಹಣೆ’ಗೆ ಕತ್ತರಿ ಬೀಳುತ್ತದೆ. ಇಂಗ್ಲಿಷ್ ಅಕ್ಷರದ ಮೂರು ನಾಲ್ಕು ಪದಗಳ ಸ್ಲಗ್ ಕೊಡುವುದೇ ಲೇಸು. ವರ್ಡ್‌ಪ್ರೆಸ್‌ನಲ್ಲಿ ಪ್ರಕಟವಾದ ಮೇಲೆ ಸ್ಲಗ್ ಬದಲಿಸಿದರೂ ಹಳೆಯ ಲಿಂಕು ಹೊಸದಕ್ಕೆ ತಾನೇ ತಿರುಗುತ್ತದೆ, ಬ್ಲಾಗರ್‌ನ ಕಷ್ಟ ಇಲ್ಲಿಲ್ಲ.

ಈಗ ಆ ಎರಡು ಪಟ್ಟಿಗಳು. ಹೆಸರು ಒಂದೇ ತರ ಕೇಳಿದರೂ ಅರ್ಥ ಬೇರೆ. ‘ಡಿಸ್ಕವರ್ಡ್’ ಎಂದರೆ ವಿಳಾಸ ಗೊತ್ತು, ಇನ್ನೂ ಬಂದು ಓದಿಲ್ಲ. ಹೊಸ ಸೈಟಿಗೆ ಗೂಗಲ್ ಹೆಚ್ಚು ಹೊತ್ತು ಕೊಡುವುದಿಲ್ಲ, ಅದರಲ್ಲೂ ಒಂದೇ ವಾರ 60 ಪುಟ ಸುರಿದರೆ ಸರದಿ ಉದ್ದವಾಗುತ್ತದೆ. ಸರ್ವರ್ ನಿಧಾನವಿದ್ದರೆ ಬಾಟ್ ಇನ್ನಷ್ಟು ಹಿಂದೆ ಸರಿಯುತ್ತದೆ. ಇಲ್ಲಿ ನೀವು ಮಾಡಬಹುದಾದ್ದು ಒಳಗಿನ ದಾರಿ ಹಾಕುವುದು. ಮುಖಪುಟದಿಂದ ಎರಡು ಮೂರು ಕ್ಲಿಕ್ಕಿಗೆ ಯಾವ ಲೇಖನವಾದರೂ ಸಿಗುವಂತಿರಲಿ. ಕೊಳೆರೋಗದ ಲೇಖನದಲ್ಲಿ ಬೋರ್ಡೋ ದ್ರಾವಣದ ಮಾತು ಬಂದರೆ ಆ ಲೇಖನಕ್ಕೆ ಅಲ್ಲೇ ಲಿಂಕ್ ಕೊಡಿ. ಸೈಟ್‌ಮ್ಯಾಪ್‌ನಲ್ಲಿ ಮಾತ್ರ ಇದ್ದು, ಬೇರೆ ಯಾವ ಪುಟದಿಂದಲೂ ದಾರಿಯಿಲ್ಲದ ಲೇಖನವನ್ನು ಗೂಗಲ್ ಅಷ್ಟು ಮುಖ್ಯವೆಂದು ಎಣಿಸುವುದಿಲ್ಲ.

‘ಕ್ರಾಲ್ಡ್’ ಪಟ್ಟಿಯ ಒಂಬತ್ತು ಹೆಚ್ಚು ಯೋಚಿಸಬೇಕಾದವು. ಗೂಗಲ್ ಬಂದು, ಓದಿ, ಸದ್ಯಕ್ಕೆ ಬೇಡವೆಂದು ಬಿಟ್ಟಿದೆ. ಒಂಬತ್ತನ್ನೂ ತೆರೆದು ನೋಡಿ. ನಾಲ್ಕು ಸಾಲಿನ ಸುದ್ದಿಯೇ, ಇಲಾಖೆಯ ಪ್ರಕಟಣೆಯನ್ನು ಇದ್ದಂತೆ ಹಾಕಿದ್ದೇ, ಫೇಸ್‌ಬುಕ್‌ನಲ್ಲಿ ಮೊದಲೇ ಹಾಕಿದ್ದರ ನಕಲೇ? ಅಂಥವಕ್ಕೆ ಮತ್ತೆ ಮತ್ತೆ ‘ರಿಕ್ವೆಸ್ಟ್’ ಒತ್ತಿ ಫಲವಿಲ್ಲ. ಸಣ್ಣವು ಮೂರನ್ನು ಸೇರಿಸಿ ಒಂದು ಗಟ್ಟಿ ಲೇಖನ ಮಾಡಿ, ನಿಮ್ಮ ತೋಟದ ಅಳತೆ, ಖರ್ಚು, ಫೋಟೋ ಸೇರಿಸಿ, ಆಮೇಲೆ ಒಂದು ಸಲ ಕೇಳಿ. ವಚನ, ದಾಸರ ಪದ ಹಾಕುವ ಬ್ಲಾಗುಗಳೂ ಇಲ್ಲೇ ಸಿಕ್ಕಿಬೀಳುತ್ತವೆ. ಅದೇ ಸಾಲುಗಳು ನೂರು ಕಡೆ ಇರುವಾಗ ನೂರೊಂದನೆಯದನ್ನು ಇಟ್ಟುಕೊಳ್ಳಲು ಕಾರಣ ಬೇಕು. ಅರ್ಥ, ಪಾಠಾಂತರ, ಪದಗಳ ಟಿಪ್ಪಣಿ ಆ ಕಾರಣ ಕೊಡುತ್ತವೆ.

ಟ್ಯಾಗ್‌ಗಳನ್ನೂ ಎಣಿಸಿ. ಲೇಖನಕ್ಕೆ ಹತ್ತು ಹೊಸ ಟ್ಯಾಗ್ ಎಂದರೆ 60 ಲೇಖನಕ್ಕೆ 600 ಟ್ಯಾಗ್ ಪುಟ ಹುಟ್ಟುತ್ತವೆ, ಒಂದೊಂದರಲ್ಲೂ ಒಂದೇ ಲೇಖನ. ಬಾಟ್‌ನ ಹೊತ್ತೆಲ್ಲ ಅಲ್ಲೇ ಕಳೆದುಹೋಗುತ್ತದೆ. ಐದಾರು ವಿಭಾಗ ಇಟ್ಟುಕೊಂಡು ಟ್ಯಾಗ್ ಅಳಿಸಿ.

ಸೆಟ್ಟಿಂಗ್ಸ್‌ನ ‘ರೀಡಿಂಗ್’ ಪುಟದಲ್ಲಿ ‘ಡಿಸ್ಕರೇಜ್ ಸರ್ಚ್ ಎಂಜಿನ್ಸ್’ ಎಂಬ ಚೌಕದಲ್ಲಿ ಟಿಕ್ ಉಳಿದಿಲ್ಲವಷ್ಟೆ ಎಂದು ನೋಡಲು ಮರೆಯಬೇಡಿ. ಸೈಟ್ ಕಟ್ಟುವಾಗ ಹಾಕಿದ ಟಿಕ್ ತೆಗೆಯಲು ಮರೆಯುವುದು ತೀರ ಸಾಮಾನ್ಯ. ವರ್ಡ್‌ಪ್ರೆಸ್ 5.5ರಿಂದ, ಅಂದರೆ 2020ರಿಂದ, ‘ಡಬ್ಲ್ಯುಪಿ-ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್’ ತಾನಾಗಿ ಸಿಗುತ್ತದೆ. ಯೋಸ್ಟ್‌ನಂಥ ಪ್ಲಗಿನ್ ಇದ್ದರೆ ಅದರದೇ ಬೇರೆ ಸೈಟ್‌ಮ್ಯಾಪ್ ಇರುತ್ತದೆ. ಯಾವುದು ತೆರೆಯುತ್ತದೋ ಅದೊಂದನ್ನೇ ಸಲ್ಲಿಸಿ. ಸ್ವಂತ ಡೊಮೇನ್ ಇರುವುದರಿಂದ ಸರ್ಚ್ ಕನ್ಸೋಲ್‌ನಲ್ಲಿ ‘ಡೊಮೇನ್’ ಆಯ್ಕೆ ಒಳ್ಳೆಯದು. ಅದು ಕೊಡುವ ಸಾಲನ್ನು ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ಪುಟದಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಆಗಿ ಸೇರಿಸಿ, ಪರಿಶೀಲನೆ ಆದಮೇಲೂ ಅಳಿಸದೆ ಬಿಡಿ.

ಪ್ರಶ್ನೆ: ನಿವೃತ್ತ ಶಿಕ್ಷಕ. ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದ ಪ್ರಬಂಧಗಳನ್ನು ಬ್ಲಾಗಿಗೆ ಅಂಟಿಸಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತವೆ. ಪುಟಗಳು ಇಂಡೆಕ್ಸ್ ಆಗಿವೆ ಎಂದು ಸರ್ಚ್ ಕನ್ಸೋಲ್ ಹೇಳುತ್ತದೆ, ಆದರೂ ಯಾವ ಪದ ಹುಡುಕಿದರೂ ಬರುವುದಿಲ್ಲ.
– ಓದುಗರು, ಧಾರವಾಡ

ಉತ್ತರ: ನಿಮ್ಮ ಬರಹದಿಂದ ಒಂದು ಸಾಲು ಕಾಪಿ ಮಾಡಿ ಗೂಗಲ್‌ನ ಹುಡುಕುವ ಜಾಗದಲ್ಲಿ ಅಂಟಿಸಿ ನೋಡಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳು ಬಂದರೆ ರೋಗ ಸಿಕ್ಕಿತು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇರುವ ನಿಮ್ಮ ಕಂಪ್ಯೂಟರಿಗೆ ಅದು ಕನ್ನಡ. ಗೂಗಲ್ ನೋಡುವುದು ಚಿತ್ರವನ್ನಲ್ಲ, ಕೆಳಗಿನ ಸಂಕೇತವನ್ನು. ಅಲ್ಲಿರುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ನುಡಿಯ ಜೊತೆಗೇ ಬರುವ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಪದ್ಧತಿಗೆ, ತಂದು ಮತ್ತೆ ಅಂಟಿಸಿ. ‘ಬರಹ’ ತಂತ್ರಾಂಶದಲ್ಲೂ ಈ ಸೌಲಭ್ಯ ಇದೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಬೇಕು, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಮತ್ತೊಂದು ಕಳ್ಳ ತಪ್ಪು ಅನುಸ್ವಾರದ್ದು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ ‘ಬೆ೦ಗಳೂರು’ ಮತ್ತು ಸರಿಯಾದ ‘ಬೆಂಗಳೂರು’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಪದ. ವರ್ಡ್‌ನ ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ಸೊನ್ನೆಯನ್ನು ಹುಡುಕಿ ಒಂದೊಂದಾಗಿ ಬದಲಿಸಿ. ಒಟ್ಟಿಗೆ ಬದಲಿಸಿದರೆ ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳೂ ಕೆಡುತ್ತವೆ.

ಪ್ರಶ್ನೆ: ಹಣ ಕೊಟ್ಟರೆ ಎರಡು ದಿನದಲ್ಲಿ ಇಂಡೆಕ್ಸ್ ಮಾಡಿಸುತ್ತೇವೆ ಎಂದು ಮೇಲ್ ಬಂದಿದೆ. ಕೊಡಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಇಂಡೆಕ್ಸ್‌ಗೆ ಸೇರಿಸಲು ಗೂಗಲ್ ಯಾರಿಂದಲೂ ಹಣ ತೆಗೆದುಕೊಳ್ಳುವುದಿಲ್ಲ, ಯಾರಿಗೂ ಖಾತರಿಯನ್ನೂ ಕೊಡುವುದಿಲ್ಲ. ಇಂಥವರಲ್ಲಿ ಕೆಲವರು ಬಳಸುವ ಗೂಗಲ್‌ನ ‘ಇಂಡೆಕ್ಸಿಂಗ್ ಎಪಿಐ’ ಇರುವುದು ಉದ್ಯೋಗದ ಜಾಹೀರಾತು ಮತ್ತು ನೇರಪ್ರಸಾರದ ಪುಟಗಳಿಗೆ, ಬ್ಲಾಗಿಗಲ್ಲ. ಉಳಿದವರು ಕಸದ ಸೈಟುಗಳಲ್ಲಿ ನಿಮ್ಮ ಲಿಂಕ್ ಎರಚುತ್ತಾರೆ. ಸೈಟ್‌ಮ್ಯಾಪನ್ನು ‘ಪಿಂಗ್’ ಮಾಡುತ್ತೇವೆ, ಅಂದರೆ ಅದು ಬದಲಾಗಿದೆಯೆಂದು ಗೂಗಲ್‌ಗೆ ಸುದ್ದಿ ಮುಟ್ಟಿಸುತ್ತೇವೆ ಎಂದರೆ ಇನ್ನೂ ತಮಾಷೆ, ಆ ಸೌಲಭ್ಯ ನಿಲ್ಲಿಸುವುದಾಗಿ ಗೂಗಲ್ 2023ರಲ್ಲೇ ಹೇಳಿದೆ.

ಪ್ರಶ್ನೆ: ಬಿಂಗ್‌ಗೆ ಬೇರೆ ಏನಾದರೂ ಮಾಡಬೇಕೇ?
– ಓದುಗರು, ದುಬೈ

ಉತ್ತರ: ಐದು ನಿಮಿಷದ ಕೆಲಸ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲಿ ‘ಇಂಪೋರ್ಟ್ ಫ್ರಮ್ ಗೂಗಲ್ ಸರ್ಚ್ ಕನ್ಸೋಲ್’ ಒತ್ತಿದರೆ ಪರಿಶೀಲನೆ, ಸೈಟ್‌ಮ್ಯಾಪ್ ಎರಡೂ ಅಲ್ಲಿಂದಲೇ ಬರುತ್ತವೆ. ವರ್ಡ್‌ಪ್ರೆಸ್ ಇದ್ದರೆ ‘ಇಂಡೆಕ್ಸ್‌ನೌ’ ಪ್ಲಗಿನ್ ಹಾಕಿ. ಬಿಂಗ್ ಮತ್ತು ಯಾಂಡೆಕ್ಸ್ 2021ರಲ್ಲಿ ತಂದ ಈ ಪದ್ಧತಿಯಲ್ಲಿ ಹೊಸ ಬರಹ ಪ್ರಕಟವಾದ ಕೂಡಲೇ ಅವಕ್ಕೆ ಸುದ್ದಿ ಹೋಗುತ್ತದೆ. ಗೂಗಲ್ ಇದರಲ್ಲಿ ಸೇರಿಲ್ಲ, ಆದ್ದರಿಂದ ಅಲ್ಲಿಗೆ ಸೈಟ್‌ಮ್ಯಾಪೇ ದಾರಿ.